ಹಳೆಯ ಅಳತೆ ಉಪಕರಣಗಳ ಜೀರ್ಣೋದ್ಧಾರ: ಬಿಡಿಭಾಗಗಳ ಹುಡುಕಾಟ

ಆಸಿಲೋಸ್ಕೋಪ್, ಸಿಗ್ನಲ್ ಜನರೇಟರ್, ವಾಲ್ವ್ ವೋಲ್ಟ್‌ಮೀಟರ್, ಎಲ್‌ಸಿಆರ್ ಬ್ರಿಜ್, ಫ್ರೀಕ್ವೆನ್ಸಿ ಕೌಂಟರ್ ಮುಂತಾದ ಎಲೆಕ್ಟ್ರಾನಿಕ್ ಅಳತೆ ಉಪಕರಣಗಳ ತಯಾರಿಕೆ ನಿಂತು ದಶಕಗಳಾದ ಮೇಲೆ ಅವನ್ನು ಮತ್ತೆ ಕೆಲಸಕ್ಕೆ ಹಚ್ಚಬೇಕಾದರೆ, ಕೆಟ್ಟ ಭಾಗದ ಜಾಗಕ್ಕೆ ಹೊಂದುವ ಇನ್ನೊಂದನ್ನು ತಂದು ಕೂರಿಸಬೇಕಾಗುತ್ತದೆ. ದುರಸ್ತಿಯಲ್ಲಿ ಹೆಚ್ಚು ದಿನ ತಿನ್ನುವುದು ಈ ಹುಡುಕಾಟವೇ. ಬೆಸುಗೆಗೆ ಐದು ನಿಮಿಷ ಸಾಕು. ಬೆಸೆಯಬೇಕಾದ ವಸ್ತು ಕೈಸೇರಲು ಐದು ತಿಂಗಳೂ ಆಗಬಹುದು. ಹುಡುಕಾಟ ಸೋಲುವುದು ಬಹುಪಾಲು ಅಂಗಡಿಯಲ್ಲಲ್ಲ, ಅದಕ್ಕೂ ಮೊದಲು ಮೇಜಿನ ಮೇಲೆ. ಭಾಗದ ಮೇಲಿರುವ ನಂಬರು ಗೊತ್ತಿರುತ್ತದೆ, ಅದು ಸರ್ಕ್ಯೂಟಿನಲ್ಲಿ ಮಾಡುತ್ತಿದ್ದ ಕೆಲಸ ಗೊತ್ತಿರುವುದಿಲ್ಲ.

ಕುದಾಪುರದಂಥ ಊರಿನಿಂದ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಯ ಸಮೀಪ ಇರುವ ಈ ಹಳ್ಳಿಯ ಸುತ್ತಲಿನ ಅಮೃತಮಹಲ್ ಕಾವಲು ಹುಲ್ಲುಗಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟು ಎರಡನೆಯ ಆವರಣ ಕಟ್ಟಲಾಗಿದೆ. ಇಸ್ರೋ, ಭಾಭಾ ಪರಮಾಣು ಸಂಶೋಧನ ಕೇಂದ್ರ, ಡಿಆರ್‌ಡಿಓ ಸಂಸ್ಥೆಗಳಿಗೂ ಇದೇ ಕಾವಲುಗಳಲ್ಲಿ ಜಮೀನು ಸಿಕ್ಕಿದೆ. ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ನೆಲೆ 2017ರ ಮೇ 28ರಂದು ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆ ಉಡಾವಣಾ ವಾಹನದ ಮಾದರಿ 2023ರ ಏಪ್ರಿಲ್ 2ರಂದು ತಾನೇ ತಾನಾಗಿ ಇಳಿದದ್ದು ಆ ನೆಲೆಯ ಓಡುಹಾದಿಯ ಮೇಲೆ. ವಿಜ್ಞಾನ ಸಂಸ್ಥೆಯ ಆವರಣದ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಶಾಲೆ ಕಾಲೇಜುಗಳ ಅಧ್ಯಾಪಕರು ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿಯುತ್ತಾರೆ. ಹೀಗೆ ಅಳತೆಯೇ ಕಸುಬಾದ ಸಂಸ್ಥೆಗಳು ಇಲ್ಲಿವೆ. ಆದರೆ ಒಂದು ಟ್ರಾನ್ಸಿಸ್ಟರ್ ಬೇಕೆಂದರೆ ಬೆಂಗಳೂರಿನ ಪೇಟೆ ಸುಮಾರು 200 ಕಿ.ಮೀ. ದೂರ. ಬಸ್ಸು ಹತ್ತುವ ಮೊದಲೇ ಏನು ಬೇಕೆಂದು ಚೀಟಿಯಲ್ಲಿ ಸರಿಯಾಗಿ ಬರೆದುಕೊಂಡಿರಬೇಕು.

ನಂಬರಿನ ಒಗಟು

ದೊಡ್ಡ ಕಂಪನಿಗಳು ಹೊರಗಿನಿಂದ ಕೊಂಡ ಸಾಮಾನ್ಯ ಭಾಗಕ್ಕೂ ತಮ್ಮದೇ ಮನೆನಂಬರು ಒತ್ತಿಸುತ್ತಿದ್ದವು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1946ರಲ್ಲಿ ಶುರುವಾದ ಟೆಕ್ಟ್ರಾನಿಕ್ಸ್ ಕಂಪನಿಯ ಕ್ರಮದಲ್ಲಿ 151ರಿಂದ ಆರಂಭವಾಗುವುದು ಟ್ರಾನ್ಸಿಸ್ಟರ್, 152 ಡಯೋಡ್, 154 ವಾಲ್ವು ಮತ್ತು ಚಿತ್ರನಳಿಗೆ. ಉಪಕರಣ ಬಿಚ್ಚಿದವನು 151-0190-00 ಎಂಬ ಮುದ್ರೆ ನೋಡಿ ಇದು ಭೂಲೋಕದಲ್ಲಿ ಸಿಗದ ವಸ್ತುವೆಂದು ಹೆದರುತ್ತಾನೆ. ಅದು ಬರೀ 2ಎನ್3904, ಯಾವ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುವ ಟ್ರಾನ್ಸಿಸ್ಟರ್. ಹ್ಯೂಲೆಟ್ ಪ್ಯಾಕರ್ಡ್‌ನವರದೂ ಇದೇ ರೀತಿ: 1854 ಎಂದರೆ ಎನ್‌ಪಿಎನ್ ಟ್ರಾನ್ಸಿಸ್ಟರ್, 1853 ಎಂದರೆ ಪಿಎನ್‌ಪಿ, 1820 ಎಂದರೆ ಡಿಜಿಟಲ್ ಐಸಿ. ಅವರ 1820-0054 ಎಂಬುದು ಪ್ರತಿ ಡಿಪ್ಲೊಮಾ ವಿದ್ಯಾರ್ಥಿಯೂ ಬ್ರೆಡ್‌ಬೋರ್ಡಿಗೆ ಚುಚ್ಚಿದ 7400 ಐಸಿಯೇ. ಕಂಪನಿಯ ಅಳತೆ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್ ಎಂದು ಬೇರೆಯಾಯಿತು, ಅದರಿಂದ 2014ರಲ್ಲಿ ಕೀಸೈಟ್ ಆಯಿತು. ಹಳೆಯ ಬೋರ್ಡುಗಳ ಮೇಲಿನ ಈ ನಂಬರುಗಳು ಹಾಗೆಯೇ ಉಳಿದಿವೆ.

ಟೆಕ್ಟ್ರಾನಿಕ್ಸ್ ಬೋರ್ಡಿನ ಐಸಿಗಳಲ್ಲಿ ನಂಬರು ನೋಡಿಯೇ ಹಣೆಬರಹ ಹೇಳಬಹುದು. 156 ಎಂದಿದ್ದರೆ ಹೊರಗಿನಿಂದ ಕೊಂಡದ್ದು, ಬೇರೆ ಹೆಸರಿನಲ್ಲಿ ಎಲ್ಲೋ ಸಿಕ್ಕೀತು. 155 ಎಂದಿದ್ದರೆ ಕಂಪನಿ ತನ್ನ ಸ್ವಂತ ಕಾರ್ಖಾನೆಯಲ್ಲಿ ತನಗಾಗಿಯೇ ಮಾಡಿಕೊಂಡದ್ದು. ಆ ಐಸಿ ವಿಭಾಗ 1994ರಲ್ಲಿ ಮ್ಯಾಕ್ಸಿಮ್ ಕಂಪನಿಯ ಪಾಲಾಯಿತು. 2465 ಎಂಬ ಹೆಸರಾಂತ ಆಸಿಲೋಸ್ಕೋಪಿನಲ್ಲಿ ಕಿರಣವನ್ನು ಅಡ್ಡಕ್ಕೆ ಓಡಿಸುವ ಯು800 ಎಂಬ ಬಿಸಿಯಾಗುವ ಚಿಪ್ಪು ಈ 155ರ ಗುಂಪಿನದು. ಅದು ಸುಟ್ಟರೆ ಅದೇ ಮಾದರಿಯ ಇನ್ನೊಂದು ಸತ್ತ ಆಸಿಲೋಸ್ಕೋಪ್ ಹುಡುಕುವುದೊಂದೇ ದಾರಿ.

ಒಂದೇ ವಾಲ್ವಿಗೆ ಮೂರು ಕಡೆ ಮೂರು ಹೆಸರು. ಯುರೋಪಿನವರ ಇಸಿಸಿ83, ಅಮೆರಿಕದ 12ಎಎಕ್ಸ್7, ಬ್ರಿಟಿಷ್ ಸೇನೆಯ ಸಿವಿ4004 ಮೂರೂ ಒಂದೇ ಕೆಲಸಕ್ಕೆ ಬರುತ್ತವೆ. ಟೆಕ್ಟ್ರಾನಿಕ್ಸ್ ಧಾರಾಳವಾಗಿ ಬಳಸಿದ 6ಡಿಜೆ8 ಎಂದರೆ ಇಸಿಸಿ88. ಈ ಎರಡೂ ಜಾತಿಯ ಮೇಲೆ ಹಾಡು ಕೇಳುವ ಹವ್ಯಾಸಿಗಳ ಕಣ್ಣು ಬಿದ್ದು ಬೆಲೆ ಏರಿದೆ. ಆಸಿಲೋಸ್ಕೋಪಿನಿಂದ ಕಿತ್ತ ವಾಲ್ವು ಕಿವಿಗೆ ಇಂಪು ಕೊಡುತ್ತದೆಂದು ನಂಬಿದವರೊಡನೆ ಹರಾಜಿನಲ್ಲಿ ಪೈಪೋಟಿ ಮಾಡಬೇಕು. ಮಾಪನದವರ ಪುಣ್ಯಕ್ಕೆ, ಟಿವಿ ಸೆಟ್ಟುಗಳಲ್ಲಿ ತುಂಬಿದ್ದ ಇಎಫ್80ಯಂಥವುಗಳತ್ತ ಅವರು ಅಷ್ಟಾಗಿ ಸುಳಿದಿಲ್ಲ.

ನಂಬರು ಬಿಡಿಸುವ ಕೀಲಿ ಸರ್ವಿಸ್ ಮ್ಯಾನುಯಲ್. ಅದರಲ್ಲಿ ಪ್ರತಿ ಭಾಗದ ಮುಂದೆ ಮೂಲ ತಯಾರಕರ ಐದಂಕಿಯ ಸಂಕೇತ ಇರುತ್ತದೆ. 28480 ಎಂದಿದ್ದರೆ ಹ್ಯೂಲೆಟ್ ಪ್ಯಾಕರ್ಡ್, 80009 ಎಂದಿದ್ದರೆ ಟೆಕ್ಟ್ರಾನಿಕ್ಸ್, ಬೇರೆಯದಿದ್ದರೆ ಹೊರಗಿನ ತಯಾರಕರು. ಜತೆಗೆ ಉಪಕರಣದ ಸೀರಿಯಲ್ ನಂಬರನ್ನೂ ನೋಡಬೇಕು. ಒಂದೇ ಮಾಡೆಲಿನಲ್ಲಿ ಇಂಥ ನಂಬರಿನ ತನಕ ಒಂದು ಟ್ರಾನ್ಸಿಸ್ಟರ್, ಅದರ ಮುಂದಕ್ಕೆ ಇನ್ನೊಂದು ಎಂದು ಪಟ್ಟಿಯಲ್ಲಿ ಬರೆದಿರುತ್ತಾರೆ. ಈ ಸಾಲನ್ನು ಓದದೆ ಪಾರ್ಸೆಲ್ ತರಿಸಿ, ಬಂದದ್ದು ಹೊಂದದೆ ಕೈ ಸುಟ್ಟುಕೊಂಡವರು ಬಹಳ.

ಯಾವುದು ಮೊದಲು ಸಾಯುತ್ತದೆ

ಎಲ್ಲ ಭಾಗಗಳಿಗೂ ಒಂದೇ ಆಯುಷ್ಯವಿಲ್ಲ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವ ವರ್ಷಗಟ್ಟಲೆ ಆರುತ್ತ ಹೋಗುತ್ತದೆ, ಒಳರೋಧ ಏರುತ್ತದೆ, ಪವರ್ ಸಪ್ಲೈಯಲ್ಲಿ ಏರಿಳಿತ ಕಾಣುತ್ತದೆ. ಇವಕ್ಕೆ ಬದಲಿ ಹುಡುಕುವುದು ಸುಲಭ. ವೋಲ್ಟೇಜು ಮೂಲದಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು. ಹಳೆಯವನ್ನು ತುಂಬ ಸಡಿಲ ಅಳತೆಯಲ್ಲಿ ಮಾಡಿದ್ದರಿಂದ ಧಾರಣೆ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ. ಉಷ್ಣಮಿತಿ 105 ಡಿಗ್ರಿಯದನ್ನು ಕೇಳಿ ಪಡೆಯುವುದು ಒಳ್ಳೆಯದು. ಈಗಿನ ಕೆಪಾಸಿಟರುಗಳು ಗಾತ್ರದಲ್ಲಿ ಬಹಳ ಚಿಕ್ಕವು. ಹಾಗಾಗಿ ಹಳೆಯ ಅಲ್ಯುಮಿನಿಯಂ ಡಬ್ಬಿಯ ತಳ ಕೊಯ್ದು, ಒಳಗಿನದನ್ನು ತೆಗೆದು, ಹೊಸದನ್ನು ಅದರೊಳಗೇ ಕೂರಿಸಿ ಮುಚ್ಚುವವರಿದ್ದಾರೆ. ಹೊರನೋಟ ಹಾಗೆಯೇ ಉಳಿಯುತ್ತದೆ. ಸಂಗ್ರಹಾಲಯದ ಪೀಠಕ್ಕೆ ಹೋಗುವ ಉಪಕರಣಕ್ಕೆ ಇದು ಸರಿ. ದಿನವೂ ಬಳಸುವುದಕ್ಕೆ ಇಷ್ಟೆಲ್ಲ ಶ್ರಮ ಬೇಕಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಮೇಣ ಹಚ್ಚಿದ ಕಾಗದದ ಕೆಪಾಸಿಟರುಗಳು ಸೋರುತ್ತವೆ, ಅವನ್ನು ಪರೀಕ್ಷಿಸದೆಯೇ ಬದಲಿಸಬಹುದು. ಜಾಗಕ್ಕೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಫಿಲ್ಮಿನವು ಬರುತ್ತವೆ. ಮೇನ್ಸ್ ತಂತಿಗೆ ಅಡ್ಡಲಾಗಿ ಇರುವ ರೀಫಾ ಹೆಸರಿನ ಲೋಹಲೇಪಿತ ಕಾಗದದವು ಮೈಮೇಲೆ ಬಿರುಕು ಬಿಟ್ಟು, ಸ್ವಿಚ್ಚು ಹಾಕಿದ ಕೆಲವೇ ನಿಮಿಷದಲ್ಲಿ ಹೊಗೆ ಉಗುಳುವುದು ಪ್ರಸಿದ್ಧ. ಅಲ್ಲಿಗೆ ಎಕ್ಸ್2 ಎಂದು ಗುರುತಿರುವ ಸುರಕ್ಷಾ ಕೆಪಾಸಿಟರೇ ಆಗಬೇಕು, ಕೈಗೆ ಸಿಕ್ಕಿದ್ದು ಸಲ್ಲದು. 1970ರ ದಶಕದ ಉಪಕರಣಗಳಲ್ಲಿ, ಮುಖ್ಯವಾಗಿ 1972ರಲ್ಲಿ ಬಂದ 100 ಮೆಗಾಹರ್ಟ್ಸಿನ ಟೆಕ್ಟ್ರಾನಿಕ್ಸ್ 465ರಲ್ಲಿ, ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿ ಇಡೀ ಸಪ್ಲೈಯನ್ನು ನೆಲಕ್ಕೆ ಎಳೆಯುತ್ತದೆ. ಉಪಕರಣ ಪೂರ್ತಿ ಸತ್ತಂತೆ ಕಾಣುವುದರಿಂದ ಮಾಲೀಕರು ಅದನ್ನು ಗುಜರಿಗೆ ಹಾಕುತ್ತಾರೆ. ಅರಿತವನು ಕಿಲೋ ಲೆಕ್ಕದಲ್ಲಿ ಕೊಂಡು ಒಂದು ಸಣ್ಣ ಮಣಿಯಂಥದ್ದನ್ನು ಬದಲಿಸಿ ಎಬ್ಬಿಸುತ್ತಾನೆ.

ಸೆಲೆನಿಯಂ ರೆಕ್ಟಿಫೈಯರಿನ ಜಾಗಕ್ಕೆ ಸಿಲಿಕಾನ್ ಡಯೋಡ್ ಹಾಕಿದರೆ ಅದು ತಾನು ನುಂಗುವ ವೋಲ್ಟೇಜು ಕಡಿಮೆಯಾದ್ದರಿಂದ ಮುಂದಿನ ಭಾಗಗಳಿಗೆ ಹೆಚ್ಚು ಹೋಗುತ್ತದೆ. ಸರಣಿಯಲ್ಲಿ ಒಂದು ರೆಸಿಸ್ಟರ್ ಸೇರಿಸಿ ಸರಿದೂಗಿಸಬೇಕು. ಜರ್ಮೇನಿಯಂ ಟ್ರಾನ್ಸಿಸ್ಟರಿನ ಮಾತು ಇನ್ನೂ ಸೂಕ್ಷ್ಮ. ಅದು ಸುಮಾರು 0.2ರಿಂದ 0.3 ವೋಲ್ಟಿಗೆ ತೆರೆದುಕೊಳ್ಳುತ್ತದೆ, ಸಿಲಿಕಾನಿಗೆ 0.6 ಬೇಕು. ಕಾಲುಗಳು ಹೊಂದಿದವೆಂದು ಒಂದರ ಜಾಗಕ್ಕೆ ಇನ್ನೊಂದನ್ನು ಸುಮ್ಮನೆ ಹಾಕಿದರೆ ಬಯಾಸ್ ಕೆಟ್ಟು ಸರ್ಕ್ಯೂಟು ಮಾತಾಡುವುದಿಲ್ಲ. ಪುಸ್ತಕದಲ್ಲಿ ಈಕ್ವಿವಲೆಂಟ್ ಎಂದು ಅಚ್ಚಾದದ್ದೆಲ್ಲ ಆ ಜಾಗಕ್ಕೆ ಈಕ್ವಿವಲೆಂಟ್ ಅಲ್ಲ. ವೇಗ, ಸೋರಿಕೆ, ಸಹಿಸುವ ವೋಲ್ಟೇಜು ಇವುಗಳಲ್ಲಿ ಯಾವುದನ್ನು ನೆಚ್ಚಿಕೊಂಡು ವಿನ್ಯಾಸಕಾರ ಅದನ್ನು ಆರಿಸಿದ್ದನೆಂದು ನಕ್ಷೆ ನೋಡಿಯೇ ತಿಳಿಯಬೇಕು.

ಆಸಿಲೋಸ್ಕೋಪಿನ ಚಿತ್ರನಳಿಗೆಗೆ ಬದಲಿ ಇಲ್ಲವೆಂದೇ ಹೇಳಬೇಕು. ಕಿರಣ ಎಷ್ಟು ವೋಲ್ಟಿಗೆ ಎಷ್ಟು ಸರಿಯುತ್ತದೆ, ಎಷ್ಟು ಸಾವಿರ ವೋಲ್ಟು ಬೇಕು, ಗಾಜಿನ ಒಳಮೈಯಲ್ಲಿ ಪಿ31 ಹಸಿರು ಲೇಪವೋ ಪಿ7ರಂತೆ ಬಹುಕಾಲ ಹೊಳೆಯುವುದೋ, ಕುತ್ತಿಗೆ ಎಷ್ಟುದ್ದ ಎಂಬುದೆಲ್ಲ ಆಯಾ ಮಾಡೆಲಿಗೇ ಕಟ್ಟಿಬಿದ್ದವು. ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ. ನಳಿಗೆ ಚೆನ್ನಾಗಿದ್ದರೆ ಉಳಿದದ್ದಕ್ಕೆ ದಾರಿಯುಂಟು.

ಬೆಂಗಳೂರಿನ ಮೂಲಗಳು

ಕರ್ನಾಟಕದಲ್ಲಿ ಈ ಹುಡುಕಾಟಕ್ಕೆ ಒಂದು ಅನುಕೂಲವಿದೆ: ಈ ಭಾಗಗಳಲ್ಲಿ ಎಷ್ಟೋ ಇಲ್ಲೇ ತಯಾರಾದವು. ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಜನರ ಬಾಯಲ್ಲಿ ಬಿಇಎಲ್, 1960ರ ದಶಕದ ಆರಂಭದಲ್ಲಿ ರೇಡಿಯೊ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ, ಆ ದಶಕದಲ್ಲೇ ಮುಂದೆ ಸಿಲಿಕಾನಿನವನ್ನೂ ತಯಾರಿಸತೊಡಗಿತು. ಎಸಿ128, ಬಿಸಿ148 ಮುಂತಾದವು ದೇಶದ ರೇಡಿಯೊ ರಿಪೇರಿಯವರ ಡಬ್ಬಿಗಳಲ್ಲಿ ತುಂಬಿದವು. ಅಳತೆ ಉಪಕರಣಗಳಲ್ಲಿಯೂ ಭಾರತೀಯ ಹೆಸರುಗಳಿದ್ದವು: ಠಾಣೆಯ ಆಪ್‌ಲ್ಯಾಬ್, ಅಹಮದಾಬಾದಿನ ಸಿಸ್ಟ್ರಾನಿಕ್ಸ್, ಹೈದರಾಬಾದಿನ ಇಸಿಐಎಲ್. ಜರ್ಮನಿಯ ಹಾಮೆಗ್ ವಿನ್ಯಾಸದ ಎಚ್‌ಎಂ203 ಆಸಿಲೋಸ್ಕೋಪನ್ನು ಇಂದೋರಿನ ಸೈಂಟಿಫಿಕ್ ಕಂಪನಿ ಮಾಡಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಪೀಳಿಗೆ ‘ಸಿಆರ್‌ಓ’ ಎಂದು ಕಂಡದ್ದು ಇಂಥವನ್ನೇ. ಇವುಗಳ ಒಳಗೆ ಸಾಮಾನ್ಯ ಭಾಗಗಳೇ ಹೆಚ್ಚು. ವಿದೇಶಿ ವಿನಿಮಯಕ್ಕೆ ಬರವಿದ್ದ ಆ ಕಾಲದಲ್ಲಿ ಆಮದು ಭಾಗಕ್ಕೆ ಪರವಾನಗಿ ಕಾಯಬೇಕಿತ್ತು. ಹೀಗಾಗಿ ಕೆಟ್ಟ ಒಂದನ್ನು ಕಿತ್ತು ಇನ್ನೊಂದನ್ನು ಬದುಕಿಸುವ ಅಭ್ಯಾಸ ಪ್ರಯೋಗಾಲಯಗಳಿಗೆ ಹೊಸದಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಬಿಡಿಭಾಗಗಳ ದೊಡ್ಡ ಪೇಟೆ. ಹೊಸ ರೆಸಿಸ್ಟರು, ಕೆಪಾಸಿಟರು, ಸಾಮಾನ್ಯ ಐಸಿ, ಕನೆಕ್ಟರುಗಳಿಗೆ ಮುಂದಿನ ಸಾಲಿನ ಅಂಗಡಿಗಳು ಸಾಕು. ಹಳೆಯದಕ್ಕೆ ಗಲ್ಲಿಯೊಳಗೆ ನಡೆಯಬೇಕು, ಕಿತ್ತ ಬೋರ್ಡುಗಳ ರಾಶಿ ಅಲ್ಲಿರುತ್ತದೆ. ಇಲ್ಲಿ ಹೆಸರು ಹೇಳಿ ಕೇಳುವುದಕ್ಕಿಂತ ಸತ್ತ ಭಾಗವನ್ನೇ ಕೈಯಲ್ಲಿ ಹಿಡಿದು ತೋರಿಸುವುದು ಮೇಲು. ಹಳೆಯ ಅಂಗಡಿಯವರು ಡಾಟಾಶೀಟು ಓದುವುದಿಲ್ಲ, ಡಬ್ಬಿಯ ಆಕಾರ ನೋಡಿ ಒಳಗಿನ ಕಪಾಟಿನತ್ತ ನಡೆಯುತ್ತಾರೆ. ಭಾನುವಾರ ಚಿಕ್ಕಪೇಟೆಯ ಆಸುಪಾಸಿನಲ್ಲಿ ನೆಲದ ಮೇಲೆ ಹರಡುವ ಸಂಡೇ ಬಜಾರಿನಲ್ಲಿ ಮೀಟರು, ಗುಂಡಿ, ರೋಟರಿ ಸ್ವಿಚ್ಚುಗಳು ಸಿಕ್ಕರೂ ಸಿಗಬಹುದು, ಆದರೆ ಬೇಕಾದ್ದನ್ನೇ ಹುಡುಕಿ ಹೋದವನಿಗೆ ಅಲ್ಲ.

ಪೇಟೆಯಲ್ಲಿ ಡೂಪ್ಲಿಕೇಟು ಹೆಚ್ಚು. ಅಗ್ಗದ ಟ್ರಾನ್ಸಿಸ್ಟರಿನ ಮೈ ಉಜ್ಜಿ ದುಬಾರಿಯದರ ನಂಬರು ಒತ್ತುತ್ತಾರೆ. 2ಎನ್3055ರಂಥ ಲೋಹದ ಟೋಪಿಯ ಪವರ್ ಟ್ರಾನ್ಸಿಸ್ಟರಿನಲ್ಲಿ ಇದು ಜಾಸ್ತಿ: ಹತ್ತು ಕೊಂಡಲ್ಲಿ ಒಂದರ ಟೋಪಿ ಗರಗಸದಲ್ಲಿ ಕತ್ತರಿಸಿ ನೋಡಿದರೆ, ಅಸಲಿನಲ್ಲಿ ದೊಡ್ಡ ಚೌಕ ಚಿಪ್ಪು, ನಕಲಿಯಲ್ಲಿ ಎಳ್ಳಿನಷ್ಟು. ಒಂದು ಹೋಯಿತೆಂದು ಕೊರಗಬೇಕಿಲ್ಲ, ಉಳಿದ ಒಂಬತ್ತರ ಜಾತಕ ತಿಳಿಯಿತು.

ಇನ್ನೊಂದು ದೊಡ್ಡ ಮೂಲ ಸರ್ಕಾರಿ ಸಂಸ್ಥೆ ಮತ್ತು ಕಾಲೇಜುಗಳ ಉಗ್ರಾಣ. ಉಪಕರಣ ಕೆಟ್ಟ ಮೇಲೂ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಹೆಸರು ಉಳಿದಿರುತ್ತದೆ, ಹಾಗಾಗಿ ಯಾರೂ ಎಸೆಯುವಂತಿಲ್ಲ, ಬಿಚ್ಚುವಂತೆಯೂ ಇಲ್ಲ. ಸಮಿತಿ ಕೂತು ಕಂಡೆಮ್ ಮಾಡಿದ ಮೇಲೆಯೇ ಹೊರಗೆ ಬರುವುದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಉಳಿಕೆ ಬೆಲೆ 2 ಲಕ್ಷ ರೂಪಾಯಿಗಿಂತ ಹೆಚ್ಚೆಂದು ಅಂದಾಜಾದ ನಿರುಪಯುಕ್ತ ಸರಕನ್ನು ಜಾಹೀರಾತಿನ ಟೆಂಡರು ಅಥವಾ ಬಹಿರಂಗ ಹರಾಜಿನ ಮೂಲಕವೇ ವಿಲೇವಾರಿ ಮಾಡಬೇಕು. ಹರಾಜು ಲಾಟಿನ ಲೆಕ್ಕದಲ್ಲಿ ನಡೆಯುತ್ತದೆ: ಆಸಿಲೋಸ್ಕೋಪಿನೊಂದಿಗೆ ಮುರಿದ ಕುರ್ಚಿ, ಫ್ಯಾನು, ಯುಪಿಎಸ್ ಬ್ಯಾಟರಿ ಎಲ್ಲ ಒಂದೇ ರಾಶಿ. ಹವ್ಯಾಸಿಗೆ ರಾಶಿ ಕೊಳ್ಳುವ ಶಕ್ತಿ ಇರುವುದಿಲ್ಲ. ಕೊಂಡ ಗುಜರಿಯವರ ಹಿಂದೆ ಹೋಗಿ ಆರಿಸಿಕೊಳ್ಳುವುದು ಹಿಂದಿನಿಂದ ನಡೆದುಬಂದ ದಾರಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಪ್ರಯೋಗಾಲಯ ಉಪಕರಣಗಳೂ ಸೇರಿವೆ, ತ್ಯಾಜ್ಯ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಮಣ್ಣಿಗೆ ಸೀಸ ಸೇರದಿರಲು ಇದು ಅಗತ್ಯವೇ. ಆದರೆ ಚೂರು ಮಾಡುವ ಯಂತ್ರದ ಬಾಯಿಗೆ ಚಿನ್ನದ ಕನೆಕ್ಟರೂ ಒಂದೇ, ಯು800 ಚಿಪ್ಪೂ ಒಂದೇ.

ಹೊರದೇಶದಿಂದ ತರಿಸುವುದೂ ಉಂಟು. ಅಂಚೆ ಖರ್ಚು ಮತ್ತು ಸುಂಕ ಸೇರಿ ಎಷ್ಟೋ ಬಾರಿ ಭಾಗದ ಬೆಲೆಯನ್ನೇ ಮೀರುತ್ತವೆ.

ಸಿಗದಿದ್ದಾಗ

ಸುಟ್ಟ ಮೇನ್ಸ್ ಟ್ರಾನ್ಸ್‌ಫಾರ್ಮರಿಗೆ ಬೆಂಗಳೂರಿಗೆ ಓಡಬೇಕಿಲ್ಲ. ಬೋರ್‌ವೆಲ್ ನೆಚ್ಚಿದ ಬಯಲುಸೀಮೆಯ ತಾಲ್ಲೂಕು ಪಟ್ಟಣಗಳಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ಎನಾಮಲ್ ತಾಮ್ರದ ತಂತಿ, ನಿರೋಧಕ ಕಾಗದ, ವಾರ್ನಿಷ್, ಗೇಜು ಅಳೆಯುವ ಪಟ್ಟಿ ಎಲ್ಲವೂ ಅಲ್ಲಿ ಕೈಯಳತೆಯಲ್ಲಿವೆ. ಪಂಪ್‌ಸೆಟ್ ಸುತ್ತುವ ಕೈಗೆ ಸಣ್ಣ ಟ್ರಾನ್ಸ್‌ಫಾರ್ಮರು ಕಷ್ಟವಲ್ಲ, ಸುತ್ತುಗಳ ಎಣಿಕೆ ಮಾತ್ರ ತಪ್ಪಬಾರದು. ಹಳೆಯದನ್ನು ಬಿಚ್ಚುವಾಗಲೇ ಪ್ರತಿ ಸುತ್ತನ್ನೂ ಎಣಿಸಿ, ತಂತಿಯ ಗೇಜನ್ನೂ ಟ್ಯಾಪಿನ ಜಾಗವನ್ನೂ ಬರೆದು ಕೊಡಬೇಕು. ಅಮೆರಿಕದ ಕೆಲವು ಉಪಕರಣಗಳ ಟ್ರಾನ್ಸ್‌ಫಾರ್ಮರು ಅಲ್ಲಿಯ 115 ವೋಲ್ಟು, 60 ಹರ್ಟ್ಸಿಗೆಂದೇ ಮಾಡಿದ್ದು. ನಮ್ಮ 230 ವೋಲ್ಟು, 50 ಹರ್ಟ್ಸಿಗೆ ಹೊಸದಾಗಿ ಸುತ್ತಿಸುವುದೇ ಕ್ಷೇಮ. ಆಸಿಲೋಸ್ಕೋಪಿನ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ ಕಥೆ ಬೇರೆ. 1960ರ ದಶಕದ ಕೆಲವು ಟೆಕ್ಟ್ರಾನಿಕ್ಸ್ ಮಾದರಿಗಳಲ್ಲಿ ಎಪಾಕ್ಸಿಯೊಳಗೆ ಹೂತ ಸುರುಳಿ ವಯಸ್ಸಾಗುತ್ತ ಬಿಸಿಯಾಗಿ ವೋಲ್ಟೇಜು ಕುಸಿಯುತ್ತದೆ. ಸಾವಿರಾರು ವೋಲ್ಟಿನ ಆ ಕೂದಲೆಳೆ ಸುತ್ತು ಪಂಪ್‌ಸೆಟ್ ಅಂಗಡಿಯ ಕೆಲಸವಲ್ಲ.

ಅದೇ ಕಾಲದ ಟೆಕ್ಟ್ರಾನಿಕ್ಸ್‌ಗಳಲ್ಲಿ ಭಾಗಗಳನ್ನು ಬೆಳ್ಳಿ ಲೇಪದ ಕುಳಿಗಳಿರುವ ಪಿಂಗಾಣಿ ಪಟ್ಟಿಗಳಿಗೆ ಬೆಸೆದಿರುತ್ತಾರೆ. ಪೇಟೆಯ 60/40 ಬೆಸುಗೆ ತಂತಿಯಲ್ಲಿ ಪದೇ ಪದೇ ಕಾಯಿಸಿದರೆ ಆ ಬೆಳ್ಳಿ ಕರಗಿ ಪಟ್ಟಿಯೇ ಹಾಳು. ಶೇ. 3ರಷ್ಟು ಬೆಳ್ಳಿ ಬೆರೆತ ಬೆಸುಗೆಯೇ ಬೇಕು. ಇದನ್ನು ಬಲ್ಲ ಕಂಪನಿ ಉಪಕರಣದ ಒಳಗೇ ಅಂಥ ತಂತಿಯ ಸಣ್ಣ ಸುರುಳಿ ಇಟ್ಟು ಕಳಿಸುತ್ತಿತ್ತು.

ಬ್ಯಾಟರಿಗೂ ಉಪಾಯ ಬೇಕಾಗುತ್ತದೆ. ಬ್ರಿಟನ್ನಿನ ಆವೋಮೀಟರ್ ಮಾಡೆಲ್ 8 ಭಾರತದ ವಿದ್ಯುತ್ ಇಲಾಖೆಗಳ, ವರ್ಕ್‌ಶಾಪುಗಳ ಮೇಜಿನಲ್ಲಿ ದಶಕಗಳ ಕಾಲ ಕೂತಿತ್ತು. ಹೆಚ್ಚಿನ ರೋಧ ಅಳೆಯಲು ಅದಕ್ಕೆ 15 ವೋಲ್ಟಿನ ಒಂದು ವಿಶೇಷ ಸೆಲ್ಲು ಬೇಕು, ಅದೀಗ ದುರ್ಲಭ. ಮೂರು ವೋಲ್ಟಿನ ಐದು ನಾಣ್ಯಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಪ್ಲಾಸ್ಟಿಕ್ ಕೊಳವೆಯಲ್ಲಿ ಕೂರಿಸಿದರೆ ಕೆಲಸ ಸಾಗುತ್ತದೆ. ಈ ಮೀಟರಿನ ತಯಾರಿಕೆಯೇ 2008ರಲ್ಲಿ ನಿಂತದ್ದು ಅದರ ಯಾಂತ್ರಿಕ ಭಾಗಗಳು ಕಂಪನಿಗೇ ಸಿಗದಂತಾದ ಕಾರಣಕ್ಕೆ; ಜೀರ್ಣೋದ್ಧಾರ ಮಾಡುವವನ ಪಾಡು ತಯಾರಕನಿಗೂ ಬಂದಿತ್ತು. ಮುರಿದ ಗುಂಡಿ, ಸವೆದ ಪ್ಲಾಸ್ಟಿಕ್ ಹಲ್ಲುಚಕ್ರಗಳನ್ನು ಈಗ 3ಡಿ ಪ್ರಿಂಟರಿನಲ್ಲಿ ತೆಗೆಯಬಹುದು. ಉಜ್ಜಿಕೊಂಡು ತಿರುಗುವ ಸ್ವಿಚ್ಚಿನ ಸಂಪರ್ಕಗಳಿಗೆ ಆ ಮದ್ದು ಇಲ್ಲ.

ನೆನಪು ಕೂಡ ಒಂದು ಬಿಡಿಭಾಗ

1970ರ ದಶಕದ ಕೊನೆಯಿಂದ ಉಪಕರಣದೊಳಗೆ ಮೈಕ್ರೋಪ್ರೊಸೆಸರ್ ಬಂತು. ಅದರ ಆದೇಶಗಳಿರುವುದು 2716, 2764ರಂಥ ಇಪ್ರಾಮ್ ಚಿಪ್ಪಿನಲ್ಲಿ. ಖಾಲಿ ಚಿಪ್ಪು ಪೇಟೆಯಲ್ಲಿ ಸಿಗಬಹುದು, ಅದರೊಳಗಿನ ಬರಹ ಎಲ್ಲೂ ಸಿಗದು. ಮೇಲಿನ ಗಾಜಿನ ಕಿಟಕಿಗೆ ಅಂಟಿಸಿದ ಚೀಟಿ ಬಿದ್ದುಹೋಗಿದ್ದರೆ ಬೆಳಕಿಗೆ ಅಳಿಸುವುದೂ ಉಂಟು. ಆದ್ದರಿಂದ ಚಿಪ್ಪು ಚೆನ್ನಾಗಿರುವಾಗಲೇ ಓದಿ ನಕಲು ತೆಗೆದಿಡುತ್ತಾರೆ. ಇನ್ನೂ ಆತುರದ್ದು ಡಿಎಸ್1225ರಂಥ ನೆನಪಿನ ಚಿಪ್ಪು. ಅದರ ಹೊಟ್ಟೆಯೊಳಗೇ ಲಿಥಿಯಂ ಸೆಲ್ಲು ಇದ್ದು, ತಯಾರಕರು ಕೊಟ್ಟ ಭರವಸೆ ಹತ್ತು ವರ್ಷದ್ದು. ಕೆಲವು ಆಸಿಲೋಸ್ಕೋಪುಗಳ ಕ್ಯಾಲಿಬ್ರೇಶನ್ ಅಂಕಿಗಳು ಇರುವುದು ಇಂಥದರಲ್ಲೇ. ಸೆಲ್ಲು ಸತ್ತ ದಿನ ಉಪಕರಣ ತನ್ನ ಅಳತೆಯನ್ನೇ ಮರೆಯುತ್ತದೆ.

ಇದಕ್ಕೂ ಹಳೆಯ ಉದಾಹರಣೆ ಎರಡನೆಯ ಮಹಾಯುದ್ಧದ ಬಿಸಿ-221 ಫ್ರೀಕ್ವೆನ್ಸಿ ಮೀಟರ್. ಅಮೆರಿಕದ ಸೇನೆಯ ಈ ಪೆಟ್ಟಿಗೆ ಯುದ್ಧ ಮುಗಿದ ಮೇಲೆ ಮಿಗತೆ ಸಾಮಾನಾಗಿ ಹ್ಯಾಮ್ ರೇಡಿಯೊದವರ ಕೈ ಸೇರಿತು. ಪ್ರತಿ ಪೆಟ್ಟಿಗೆಯನ್ನೂ ಪ್ರತ್ಯೇಕವಾಗಿ ಅಳೆದು, ಅದರದೇ ಸೀರಿಯಲ್ ನಂಬರಿನ ಅಂಕಿಪುಸ್ತಕ ಕೊಟ್ಟಿದ್ದರು. ಒಂದರ ಪುಸ್ತಕ ಇನ್ನೊಂದಕ್ಕೆ ಬರುವುದಿಲ್ಲ. ವಾಲ್ವು, ಕೆಪಾಸಿಟರು, ಹರಳು ಎಲ್ಲ ಹೊಸದಾಗಿ ಹಾಕಬಹುದು. ಪುಸ್ತಕ ಕಳೆದಿದ್ದರೆ ಇಡೀ ಡಯಲನ್ನು ಬಿಂದುಬಿಂದುವಾಗಿ ಮತ್ತೆ ಅಳೆದು ಬರೆಯಬೇಕು.

ಭಾಗ ಬದಲಿಸಿದ ಮೇಲೆ ಉಪಕರಣ ಹೊತ್ತಿಕೊಂಡರೆ ಕೆಲಸ ಅರ್ಧ. ಆಸಿಲೋಸ್ಕೋಪಿನ ಅಟೆನ್ಯುಯೇಟರಿನಲ್ಲಿ ಒಂದು ರೆಸಿಸ್ಟರ್ ಬದಲಾದರೂ ಅಲೆಯ ಎತ್ತರ ಸುಳ್ಳು ಹೇಳಬಹುದು. ಮ್ಯಾನುಯಲಿನ ಕ್ರಮದಂತೆ ಹೊಂದಿಸಿ, ಲೆಕ್ಕಕ್ಕೆ ಬರುವ ಕೆಲಸಕ್ಕಾದರೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಟ್ ಮಾಡಿಸಬೇಕು. ಬೆಂಗಳೂರಿನಲ್ಲಿ ಪೀಣ್ಯದ ಇಟಿಡಿಸಿ ಇಂಥ ಸರ್ಕಾರಿ ಕೇಂದ್ರ. ಯಾವ ಭಾಗದ ಜಾಗಕ್ಕೆ ಯಾವುದನ್ನು, ಯಾವ ದಿನ, ಏನು ನೋಡಿ ಹಾಕಿದ್ದೆಂದು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸುವುದು ಹಳೆಯ ಮೆಕ್ಯಾನಿಕ್‌ಗಳ ರೂಢಿ. ಟೆಕ್ಟ್ರಾನಿಕ್ಸ್ 465ರ ಮ್ಯಾನುಯಲಿನಲ್ಲಿ ಪ್ರತಿ ಬಿಂದುವಿನ ವೋಲ್ಟೇಜು, ಅಲೆಯ ಚಿತ್ರ, ಪ್ರತಿ ಸ್ಕ್ರೂವಿನ ನಂಬರು ಕೂಡ ಇದೆ. ಇಂದು ಹೊಸದಾಗಿ ಕೊಳ್ಳುವ ಎಷ್ಟೋ ಉಪಕರಣಗಳ ಜತೆ ಬರುವ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಯೇ ಇರುವುದಿಲ್ಲ, ಕೆಟ್ಟರೆ ಬೋರ್ಡು ಬದಲಿಸಿ ಎಂದಷ್ಟೇ ಇರುತ್ತದೆ. ಕುದಾಪುರದ ಮೇಜುಗಳ ಮೇಲೆ ಇಂದು ಕೂತಿರುವ ಉಪಕರಣಗಳು ನಲವತ್ತು ವರ್ಷ ಕಳೆದು ಗುಜರಿಗೆ ಬಂದಾಗ, ಅವುಗಳ ಮುಚ್ಚಳ ತೆಗೆದವನಿಗೆ ಓದಲು ಸಿಗುವುದು ಯಾರಾದರೂ ಅಂಟಿಸಿಟ್ಟ ಆ ಚೀಟಿಯೊಂದೇ ಇರಬಹುದು.